ಹೊಸ್ತಿಲಲ್ಲಿ ಮಗುಚಿದ್ದ ಸತ್ರದ ಕಲ್ಲು

ಮಧ್ಯಯುಗದ ರಾಯಬಾಗದಲ್ಲಿ ದಾರಿಹೋಕರಿಗೆಂದು ಕಟ್ಟಿಸಿದ ಸತ್ರಗಳಲ್ಲಿ ಇಂದು ಒಂದೂ ಉಳಿದಿಲ್ಲ. ಕೊನೆಯದು ಹೇಗೆ ಹೋಯಿತೆಂಬುದನ್ನು ನಾನು ಬಲ್ಲೆ.

ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ ಶಾಸನ ಹುಡುಕುತ್ತಿದ್ದ ನಾನು ಕಂಡಾಗ ಅದರ ಒಂದು ಗೋಡೆ, ಬುಡದಲ್ಲಿ ಅರ್ಧ ಹೂತ ಶಾಸನದ ಕಲ್ಲು ಇದ್ದವು. ಮೇಲರ್ಧದ ಅಕ್ಷರಗಳನ್ನು ಮಸಿಯಿಂದ ಕಾಗದಕ್ಕಿಳಿಸಿ ಪಡಿಯಚ್ಚು ತೆಗೆದೆ. ಶಕವರ್ಷ, ಸಂವತ್ಸರ, ತಿಥಿ, ವಾರಗಳನ್ನು ಪದೇ ಪದೇ ತಾಳೆ ನೋಡಿದೆ, ಹೊಂದಿದವು. ದಾನ ಯಾವುದಕ್ಕೆಂಬ ಸಾಲು ಮಾತ್ರ ಮಣ್ಣಿನೊಳಗಿತ್ತು. ಅಗೆಯಿಸಲು ಮತ್ತೆ ಹೋಗುವಷ್ಟರಲ್ಲಿ ಜಾಗ ಕೊಂಡ ವ್ಯಾಪಾರಿ ಗೋಡೆ ಕೆಡವಿಸಿದ್ದ.

"ಇಲ್ಲೆಲ್ಲಿ ಸತ್ರರಿ? ಎಮ್ಮಿ ಕಟ್ಟೋ ಜಾಗಾ ಇದು."

ಕಲ್ಲೆಲ್ಲಿ ಎಂದೆ. ಗೌಂಡಿಗಳ ಎದುರೇ ನಕ್ಕ: "ಆ ಕಲ್ಲೇನರ ಮಾತಾಡಿದ್ರ ಅದನ್ನ ನಿಮ್ಮ ಮನೀಗೇ ಕಳಸ್ತೀನಿ, ಸರ."

ಅರ್ಧ ಕಲ್ಲಿನಿಂದ ಇಡೀ ಸತ್ರ ಕಟ್ಟಿದ್ದೀರಿ ಎಂದು ವಿದ್ವಾಂಸರು ನನ್ನ ಪ್ರಬಂಧವನ್ನು ತಳ್ಳಿಹಾಕಿದರು. ವಿಧಾನದ ದೃಷ್ಟಿಯಿಂದ ಅವರದು ಸರಿ. ಆದ್ದರಿಂದ ನನ್ನ ಸಿಟ್ಟೆಲ್ಲ ಆ ವ್ಯಾಪಾರಿಗೇ ಮೀಸಲಾಯಿತು. ನಿವೃತ್ತಿಯ ನಂತರವೂ ಅದು ಆರಲಿಲ್ಲ. ಆರಲೆಂದು ನಾನು ಬಯಸಲೂ ಇಲ್ಲ.

ಕಳೆದ ವರ್ಷ ಅವನೇ ಅಥಣಿಯ ನನ್ನ ಮನೆಗೆ ಬಂದ. ಆ ಜಾಗದಲ್ಲೀಗ ಅವನ ಲಾಡ್ಜು. ಪುರಾತನ ಸತ್ರದ ಸ್ಥಳವೆಂದು ಬೋರ್ಡು ಹಾಕಬೇಕಂತೆ.

"ನಾಕ ಸಾಲ ಬರದ ಕೊಡ್ರಿ ಸರ. ನೀವು ಬರದ್ರ ವಜನ ಬರತೈತಿ."

"ಎಮ್ಮಿ ಜಾಗಾ ಅಂದಿದ್ರಲ್ಲ?"

"ಅವಾಗ ತಿಳವಳಿಕಿ ಇರಲಿಲ್ರಿ."

"ಕಲ್ಲು?"

"ಎಲ್ಲೂ ಹೋಗಿಲ್ರಿ. ಮಗಚಿ ಹೊಸ್ತಿಲಕ್ಕ ಹಾಕೀನಿ."

ದತ್ತಿಶಾಸನ ಮೊದಲು ದಾನವನ್ನು ಹೇಳುತ್ತದೆ. ಕೊನೆಗೆ, ಅದನ್ನು ಕೆಡಿಸಿದವನನ್ನು ಶಪಿಸುತ್ತದೆ. ಓದು ಬಾರದವರಿಗೂ ತಿಳಿಯಲೆಂದು ನಮ್ಮ ಗಡಿಸೀಮೆಯಲ್ಲಿ ಆ ಶಾಪವನ್ನು ಚಿತ್ರವಾಗಿ ಕೆತ್ತುವ ರೂಢಿಯಿತ್ತು. ಇದನ್ನು ಅವನಿಗೆ ಹೇಳಲಿಲ್ಲ.

"ಕಲ್ಲಿನಾಗ ಇದ್ದದ್ದನ್ನ ಒಂದಕ್ಷರ ಬಿಡದ ಬರೀತೀನಿ. ಮದಲ ಕಿತ್ತು ಬಾಗಲದಾಗ ನಿಲ್ಲಸ್ರಿ" ಎಂದೆ.

ನಿಲ್ಲಿಸುವ ದಿನ ಅವನು ಬೀಗರು-ಬಿಜ್ಜರನ್ನೆಲ್ಲ ಕರೆಸಿ, ಗಾರೆ ಮೆತ್ತಿದ ಕಲ್ಲಿಗೇ ಕುಂಕುಮವಿಟ್ಟು ಕಾಯಿ ಒಡೆದ. ಬಳಿಕ ನೀರು ಹೊಯ್ದು ಉಜ್ಜಿದರು. 'ಸತ್ರ' ಎಂಬ ಪದ ಕಂಡಿತು. ಅದರ ಕೆಳಗೆ, ಹೆಂಗಸಿನ ಮೇಲೇರಿದ ಕತ್ತೆ: ದಾನ ಕೆಡಿಸಿದವನ ತಾಯಿಗೆ ಕಲ್ಲಿನಲ್ಲೇ ಕೆತ್ತಿದ ಬೈಗುಳ.

ಅವನ ಸೋದರಮಾವ ಕೋಲೂರಿ ಬಗ್ಗಿ ನೋಡಿದ. "ಲೇ, ನಮ್ಮಕ್ಕನ್ನ ಇಷ್ಟ ವರ್ಷ ಹೊಸ್ತಿಲದಾಗ ತುಳದಿ. ಈಗ ಬಾಗಲದಾಗ ನಿಲ್ಲಿಸಿದ್ಯಲ್ಲೋ!"

ವ್ಯಾಪಾರಿ ನನ್ನ ಕೈ ಹಿಡಿದ. "ಬೋರ್ಡ ಬ್ಯಾಡ್ರಿ ಸರ. ಕಲ್ಲ ನಿಮ್ಮ ಮನೀಗೆ ಒಯ್ರಿ."

"ಕಾಯಿ ಒಡದ ಕಲ್ಲ ಯಾರ ಕೀಳ್ತಾರ್ರೀ?" ಎಂದೆ. ಸೋದರಮಾವನೂ ಹೌದೆಂದು ತಲೆಯಾಡಿಸಿದ.

ಅಂದೇ ಕೆಳಗಿನರ್ಧದ ಪಡಿಯಚ್ಚು ತೆಗೆದುಕೊಂಡು ಬಂದೆ. ಬೋರ್ಡಿನ ಸಾಲುಗಳನ್ನೂ ಕೊಟ್ಟ ಮಾತಿನಂತೆ ಬರೆದು ಕಳಿಸಿದೆ, ಚಿತ್ರದ ಅರ್ಥ ಸಹಿತ.