ಮೊದಲು ಗಟ್ಟಿ ಮಾಡಬೇಕು

ಮಹಾಂತಪ್ಪನವರ ಬಗ್ಗೆ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ದುಃಖ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳುವುದು ಕಷ್ಟ. ಮಳೆಯ ಮೇಲೆ, ಹ್ಯೂಸ್ಟನ್ನಿನ ಜೌಗು ಮಣ್ಣಿನ ಮೇಲೆ, ಒಮ್ಮೊಮ್ಮೆ ಅವರ ಮೇಲೆಯೇ.

ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿ ನಮ್ಮ ಮನೆಯ ಎದುರು ಸಾಲಿನಲ್ಲಿ ಅವರ ಮನೆ. ವಿಜಯಪುರದ ಕಡೆಯವರು. ದ ವುಡ್‌ಲ್ಯಾಂಡ್ಸ್‌ನ ಒಂದು ಎಣ್ಣೆ ಕಂಪನಿಯಲ್ಲಿ ಪೈಪುಗಳ ಬೆಸುಗೆ ಪರೀಕ್ಷೆ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡು ರಿಟೈರ್ ಆದವರು. ಮನೆಯಲ್ಲಿ ಅವರು ಮತ್ತು ಹೆಂಡತಿ ಶಾಂತವ್ವ, ನನಗೆ ಶಾಂತಕ್ಕ. ಒಬ್ಬಳೇ ಮಗಳು ವೈಷ್ಣವಿ, ಆಸ್ಟಿನ್‌ನಲ್ಲಿ ಫಿಸಿಯೋಥೆರಪಿಸ್ಟ್. ನಾನು ನಳಿನಿ, ಮೈಸೂರಿನವಳು, ಇಲ್ಲಿಯ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವಳು. ಬಾಯಿ ಸ್ವಲ್ಪ ಜೋರು. ಅವರಿಬ್ಬರೂ ಅದನ್ನು ಸಹಿಸಿಕೊಂಡರು.

ರಿಟೈರ್ ಆದ ಗಂಡಸರು ಇಲ್ಲಿ ಗಾಲ್ಫ್ ಆಡುತ್ತಾರೆ, ಇಲ್ಲವೇ ದೇವಸ್ಥಾನದ ಕಮಿಟಿ ಸೇರಿ ಜಗಳವಾಡುತ್ತಾರೆ. ಮಹಾಂತಪ್ಪನವರು ಪೇಟೆಯ ಮ್ಯೂಸಿಯಮ್ಮಿನಲ್ಲಿ ಪಳೆಯುಳಿಕೆ ಬಿಡಿಸುವ ಕೆಲಸಕ್ಕೆ ಸಂಬಳವಿಲ್ಲದೆ ಸೇರಿದರು. ಬೇರೆ ಕೆಲಸವಿಲ್ಲವಲ್ಲ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಪ್ರತಿ ಬುಧವಾರ ಅವರ ಕಾರಿನಲ್ಲಿ ನಾವಿಬ್ಬರೂ ಹೊರಡುತ್ತಿದ್ದೆವು. ಶಾಂತಕ್ಕ ಬಾಗಿಲಲ್ಲಿ ನಿಂತು ಅಣಕಿಸುತ್ತಿದ್ದರು.

"ಹೋಗ್ರಿ, ಹೋಗ್ರಿ. ಸತ್ತ ಕುದುರಿ ಕಾಯ್ಕೊಂಡು ಕುಂತಿರ್ತಾವ. ಆ ಎಲುವಿಗೆ ಮಾಡೂ ಆರೈಕಿ ನನಗ ಮಾಡಿದ್ರ ನಾ ಇನ್ನೂ ಹುಡುಗಿಯಾಗಿರ್ತಿದ್ದೆ."

ಕುದುರೆ ಎಂದದ್ದು ಸುಳ್ಳಲ್ಲ. ಟೆಕ್ಸಾಸ್‌ನ ಉತ್ತರದ ತುದಿಯಲ್ಲಿ, ಡಾಲಸ್ ದಾಟಿ ಇನ್ನೂ ಅರ್ಧ ದಿನ ಡ್ರೈವ್ ಮಾಡಿದರೆ, ಮಳೆ ಗಾಳಿ ಕೊರೆದು ಕೊರೆದು ಏನೂ ಬೆಳೆಯದಂತೆ ಮಾಡಿದ ಕೊರಕಲು ನೆಲವಿದೆ. ಆ ದಿಣ್ಣೆಗಳ ಹೊಟ್ಟೆಯಲ್ಲಿ ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲು ಸತ್ತ ಮೂರು ಬೆರಳಿನ ಕುದುರೆಗಳು, ಗೇಣುದ್ದ ಹಲ್ಲಿನ ಖಡ್ಗಮೃಗಗಳು, ಎತ್ತಿನಗಾಡಿ ಚಕ್ರದಷ್ಟು ದೊಡ್ಡ ಆಮೆಗಳು, ಹೆಸರಿಲ್ಲದ ಹಕ್ಕಿಗಳು ಇವೆ. ಬತ್ತುತ್ತಿದ್ದ ಕೆರೆಯ ಕೆಸರಿನಲ್ಲಿ ಸಿಕ್ಕು ಸತ್ತವಂತೆ. ವಸಂತದಲ್ಲಿ ಮ್ಯೂಸಿಯಮ್ಮಿನವರು ನಮ್ಮನ್ನು ವ್ಯಾನಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ನನಗೆ ಆ ಜಾಗ ಕಂಡರೆ ಆಗುತ್ತಿರಲಿಲ್ಲ. ಎಲ್ಲಿ ಕಾಲಿಟ್ಟರೂ ಯಾರದೋ ಎಲುಬು. ಮಹಾಂತಪ್ಪನವರು ಮಾತ್ರ ಮಾವನ ಮನೆಗೆ ಬಂದ ಅಳಿಯನ ಹಾಗೆ ಅಲ್ಲಿ ಓಡಾಡುತ್ತಿದ್ದರು.

ಮೊದಲ ವರ್ಷ ಅವರಿಗೆ ಒಂದು ಹಕ್ಕಿಯ ಕಾಲೆಲುಬು ಸಿಕ್ಕಿತು. ಹಕ್ಕಿಯ ಎಲುಬು ಟೊಳ್ಳು, ಉಳಿಯುವುದೇ ಅಪರೂಪ. ಖುಷಿಗೆ ಬೆರಳಿಂದ ಎತ್ತಿಬಿಟ್ಟರು. ಅದು ಅವರ ಅಂಗೈಯಲ್ಲೇ ವಿಭೂತಿಯ ಹಾಗೆ ಪುಡಿಯಾಯಿತು. ನಮ್ಮ ತಂಡದ ಮುಖ್ಯಸ್ಥೆ ಬೈಯಲಿಲ್ಲ, ಮುಖ ತಿರುಗಿಸಿಕೊಂಡು ಹೋದಳು. ಬೈದಿದ್ದರೇ ವಾಸಿಯಿತ್ತು. ಅವತ್ತು ಅವರು ಊಟ ಬಿಟ್ಟರು.

ಅಂದಿನಿಂದ ಅವರಿಗೆ ಒಂದೇ ಮಂತ್ರ. ಎಲುಬು ಕಂಡ ಕೂಡಲೇ ಮುಟ್ಟುವ ಹಾಗಿಲ್ಲ. ತೆಳುವಾದ ಅಂಟನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಅದು ಒಳಗೆ ಇಳಿದು ಒಣಗುವವರೆಗೆ ಕಾಯಬೇಕು. ಆಮೇಲೆ ಪ್ಲಾಸ್ಟರ್ ಪಟ್ಟಿ, ಆಮೇಲೆ ಎತ್ತುವುದು. ಹೊಸಬರು ಯಾರು ಬಂದರೂ ಪಾಠ ಶುರು. "ಮೊದಲ ಗಟ್ಟಿ ಮಾಡ್ರಿ. ಗಟ್ಟಿ ಆದ ಮ್ಯಾಲ ಅದು ಎಲ್ಲಿಗೂ ಹೋಗಂಗಿಲ್ಲ. ಅವಸರ ಮಾಡಿದ್ರ ಕೈಯಾಗ ಬೂದಿ." ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಎರಡು ಸಾವಿರದ ಹದಿನೈದರಲ್ಲಿ ಶಾಂತಕ್ಕನಿಗೆ ಲಕ್ವ ಹೊಡೆಯಿತು. ಬಾಯಿ ಉಳಿಯಿತು, ಮೈ ಉಳಿಯಲಿಲ್ಲ. ಗಾಲಿಕುರ್ಚಿಯಲ್ಲಿ ಕೂರಿಸಿದರೆ ಪಕ್ಕಕ್ಕೆ ಜಾರುತ್ತಿದ್ದರು. ದಿಂಬು ಒತ್ತಿದರೂ ಬೆಲ್ಟು ಹಾಕಿದರೂ ಅಷ್ಟೇ. ಮಗಳು ಆಸ್ಟಿನ್‌ನಿಂದ ಬಂದು ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದಳು. ಕೊನೆಗೆ ಹಾಸಿಗೆಯೇ ಗತಿಯಾಯಿತು. ಅಷ್ಟು ಚುರುಕಿನ ಹೆಂಗಸು ದಿನವಿಡೀ ಸೂರು ನೋಡುತ್ತ ಮಲಗಿರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಅವರಿಗೆ ಗಂಜಿ ತಿನ್ನಿಸುತ್ತಿದ್ದೆ. ಮಹಾಂತಪ್ಪನವರು ಮಂಚದ ಕಾಲ ಬಳಿ ಬಟ್ಟೆ ಮಡಚುತ್ತಿದ್ದರು. ಶಾಂತಕ್ಕ ಇದ್ದಕ್ಕಿದ್ದಂತೆ ಕೇಳಿದರು.

"ನಾ ಸತ್ತ ಮ್ಯಾಲ ನನ್ನ ಹೆಂಗ ಮಣ್ಣ ಮಾಡ್ತೀರಿ?"

"ಈಗ್ಯಾಕ ಆ ಮಾತು?" ಎಂದರು ಅವರು.

"ಈಗ ಬ್ಯಾಡಾದ್ರ ಇನ್ಯಾವಾಗ? ನಮ್ಮವ್ವನ್ನ ಕುಂದ್ರಿಸಿ ಮಣ್ಣ ಮಾಡಿದ್ರು. ಮೈತುಂಬ ಇಬೂತಿ, ಎಡಗೈಯಾಗ ಲಿಂಗ. ಪೂಜಿಗೆ ಕುಂತಂಗ ನೆಟ್ಟಗ ಕುಂತಿದ್ಲು. ಅತ್ತವರೆಲ್ಲ ಬಾಗಿದ್ರು, ಆಕಿ ಒಬ್ಬಾಕಿ ಬಾಗಿರಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡರು. "ಮಲಕ್ಕೊಂಡು ಮಲಕ್ಕೊಂಡು ನನಗ ಸಾಕಾಗೇತಿ. ಹೋಗುವಾಗರ ಕುಂದ್ರಸ್ರಿ. ಡಬ್ಬಿಯಾಗ ಮಲಗಸಬ್ಯಾಡ್ರಿ. ಮಾತು ಕೊಡ್ರಿ."

ಅವರು ಮಾತು ಕೊಟ್ಟರು. ಸುಟ್ಟು ಬೂದಿ ಮಾಡುವ ಮನೆತನದವಳಾದ ನನಗೆ ಕೂತರೇನು, ಮಲಗಿದರೇನು ಎಂದೇ ಅನಿಸಿತ್ತು. ಆದರೆ ಶಾಂತಕ್ಕನ ಮುಖ ನೋಡಿದ ಮೇಲೆ ಹಾಗೆ ಅನಿಸಲಿಲ್ಲ.

ಮಾತು ಕೊಡುವುದು ಸುಲಭ, ಆದರೆ ಇದು ಟೆಕ್ಸಾಸ್. ಅವರು ಹೋದ ಯಾವ ಸ್ಮಶಾನದವರೂ ಒಪ್ಪಲಿಲ್ಲ. ಉದ್ದನೆಯ ಪೆಟ್ಟಿಗೆ ಬೇಕು, ಅದರ ಸುತ್ತ ಕಾಂಕ್ರೀಟ್ ತೊಟ್ಟಿ ಬೇಕು, ಇಲ್ಲವಾದರೆ ನೆಲ ಕುಸಿಯುತ್ತದೆ ಎಂದರು. ಒಬ್ಬನಂತೂ ತುಂಬ ಮರ್ಯಾದೆಯಿಂದ, ಕೂರಿಸಲು ನಮ್ಮಲ್ಲಿ ಪೆಟ್ಟಿಗೆಯೇ ಇಲ್ಲ ಸರ್ ಅಂದನಂತೆ. ಕೊನೆಗೆ ಸ್ಟಾಫರ್ಡ್‌ನಲ್ಲಿ ಗ್ರಾನೈಟ್ ಅಂಗಡಿ ಇಟ್ಟಿದ್ದ ಅವರ ಊರಿನವರೇ ಆದ ಸಿದ್ಧಾರೂಢ ಎಂಬವರು ಕೈ ಹಿಡಿದರು. ಅವರಿಗೆ ಊರ ಗಡಿಯಾಚೆ, ಸ್ವಲ್ಪ ಎತ್ತರದಲ್ಲಿ ಒಂದಿಷ್ಟು ಜಮೀನಿತ್ತು. ಅದರ ಒಂದು ಮೂಲೆಯನ್ನು ಕೌಂಟಿಯ ಒಪ್ಪಿಗೆ ಪಡೆದು ಕುಟುಂಬದ ಸಮಾಧಿ ಜಾಗವಾಗಿ ಮಾಡಿಕೊಟ್ಟರು. "ಅವ್ವಾರ್ನ ನಮ್ಮ ಹೊಲದಾಗ ಕುಂದ್ರಸೂಣು ಬಿಡ್ರಿ," ಎಂದರು.

ವ್ಯವಸ್ಥೆಯೆಲ್ಲ ಮಹಾಂತಪ್ಪನವರ ತಲೆಯಲ್ಲಿ ಸಿದ್ಧವಾಗಿತ್ತು. ಜೀವ ಹೋದ ಕೆಲವೇ ಗಂಟೆಗಳಲ್ಲಿ, ಮೈ ಸೆಟೆಯುವ ಮೊದಲೇ, ಕಾಲು ಮಡಚಿ ಗೋಡೆಗೆ ಒರಗಿಸಿ ಕೂರಿಸಬೇಕು. ಆಸ್ಪತ್ರೆಯಿಂದ ನೇರ ಸಿದ್ಧಾರೂಢರ ಮನೆಗೆ. ಜಂಗಮರೊಬ್ಬರು ಡಾಲಸ್‌ನಲ್ಲಿದ್ದರು, ಫೋನ್ ಬಂದ ತಕ್ಷಣ ಹೊರಡುತ್ತೇನೆ ಎಂದಿದ್ದರು. ಸಿದ್ಧಾರೂಢರು ಚೌಕದ ಗುಂಡಿಯನ್ನು ಮೊದಲೇ ತೋಡಿಸಿ ಹಲಗೆ ಮುಚ್ಚಿಸಿದ್ದರು.

ಹದಿನೇಳರ ಆಗಸ್ಟ್ ಕೊನೆಯಲ್ಲಿ ಚಂಡಮಾರುತ ಬಂತು. ಅದರ ಹಿಂದಿನ ದಿನವಷ್ಟೇ ಶಾಂತಕ್ಕನನ್ನು ಉಸಿರಾಟದ ತೊಂದರೆಗೆ ಆಸ್ಪತ್ರೆಗೆ ಸೇರಿಸಿದ್ದರು. ಬಟ್ಟೆ ತರಲು ಮನೆಗೆ ಬಂದ ಮಹಾಂತಪ್ಪನವರಿಗೆ ವಾಪಸು ಹೋಗಲಾಗಲಿಲ್ಲ. ರಸ್ತೆಗಳೆಲ್ಲ ಹೊಳೆ. ಅವರ ಮನೆಯೊಳಗೆ ನೀರು ನುಗ್ಗಿದ್ದರಿಂದ ನಮ್ಮ ಮನೆಯ ಮಹಡಿಗೆ ಬಂದರು. ವೈಷ್ಣವಿ ಆಸ್ಟಿನ್‌ನಿಂದ ಹೊರಟು ಅರ್ಧದಾರಿಯಲ್ಲಿ ಸಿಕ್ಕಿಕೊಂಡಳು. ಆಸ್ಪತ್ರೆಯಿಂದ ಸುದ್ದಿ ಬಂದಾಗ ಮಧ್ಯಾಹ್ನ. ಶಾಂತಕ್ಕ ಹೋಗಿಬಿಟ್ಟಿದ್ದರು, ಪಕ್ಕದಲ್ಲಿ ನಮ್ಮವರು ಯಾರೂ ಇರಲಿಲ್ಲ.

ಆಸ್ಪತ್ರೆಯವರು ದೇಹ ಇಟ್ಟುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹತ್ತಿರದ ಶವಾಗಾರವೊಂದಕ್ಕೆ ಕಳಿಸಿದರು. ಅಲ್ಲಿಂದ ಒಬ್ಬ ಮಹಾಂತಪ್ಪನವರಿಗೆ ಫೋನ್ ಮಾಡಿದ. ಕರೆಂಟ್ ಹೋಗಿದೆ, ಜನರೇಟರ್ ಎಷ್ಟು ಹೊತ್ತೋ ಹೇಳಲಾರೆ, ತಂಪು ಇಲ್ಲದಿದ್ದರೆ ದೇಹ ಕೆಡುತ್ತದೆ. ಒಪ್ಪಿಗೆ ಕೊಟ್ಟರೆ ರಕ್ತ ತೆಗೆದು ಔಷಧ ತುಂಬುತ್ತೇವೆ ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ.

"ಯೆಸ್, ಯೆಸ್. ಪ್ಲೀಸ್. ಡೂ ದಟ್ ಫಸ್ಟ್," ಎಂದು ಫೋನ್ ಇಟ್ಟರು. ನನ್ನ ಕಡೆ ತಿರುಗಿದರು. ಅಳುತ್ತಿದ್ದರೂ ಮುಖದಲ್ಲಿ ಒಂದು ನೆಮ್ಮದಿಯಿತ್ತು. "ಇನ್ನ ಚಿಂತಿ ಇಲ್ರಿ ಅಕ್ಕಾರ. ಮೊದಲ ಗಟ್ಟಿ ಮಾಡ್ತಾರಂತ. ಇನ್ನ ಆಕಿ ಕೆಡಂಗಿಲ್ಲ. ನೀರು ಇಳೀಲಿ, ಆಮ್ಯಾಲ ಹೋಗಿ ಎತ್ತಿ ತಂದು ಕುಂದ್ರಸೂಣು."

ನಾನು ಚಹಾ ಮಾಡಿ ಕೊಟ್ಟೆ. ಒಂದು ಗುಟುಕು ಕುಡಿದರು. ಕಪ್ಪು ಕೈಯಲ್ಲೇ ನಿಂತಿತು. 

"ಮಲಗಿಸೇ ಮಾಡ್ತಾರಲ್ರೀ," ಎಂದರು.

ನನಗೆ ಅರ್ಥವಾಗಲಿಲ್ಲ. "ಏನು ಮಲಗಿಸಿ?"

"ಔಷಧ. ಮೇಜಿನ ಮ್ಯಾಲ ಮಲಗಿಸೇ ತುಂಬ್ತಾರ. ಗಟ್ಟಿ ಆತಂದ್ರ ಹಂಗ ನಿಂತುಬಿಡ್ತೈತಿ. ಕಾಲು ಮಡಚಾಕ ಬರಂಗಿಲ್ಲ."

ಫೋನ್ ಹಿಡಿದು ಒತ್ತತೊಡಗಿದರು. ಊರಿಗೆ ಊರೇ ಫೋನ್ ಮಾಡುತ್ತಿದ್ದ ದಿನ ಅದು. ಲೈನ್ ಸಿಗಲಿಲ್ಲ. ನನ್ನ ಫೋನಿನಿಂದ ಮಾಡಿದರು, ನನ್ನ ಗಂಡನ ಫೋನಿನಿಂದ ಮಾಡಿದರು. ಕಿಟಕಿಯ ಹೊರಗೆ ಪಕ್ಕದ ಮನೆಯವರ ಕಸದ ಡಬ್ಬಿ ತೇಲಿಕೊಂಡು ಹೋಗುತ್ತಿತ್ತು. ಕತ್ತಲಾಗುವ ಹೊತ್ತಿಗೆ ಲೈನ್ ಸಿಕ್ಕಿತು. ಕೆಲಸ ಚೆನ್ನಾಗಿ ಆಗಿದೆ, ನಿಮ್ಮಾಕೆ ಶಾಂತವಾಗಿ ಮಲಗಿದ್ದಾರೆ ಎಂದು ಆ ಮನುಷ್ಯ ಸಮಾಧಾನ ಹೇಳಿದ. ಅವನದೇನೂ ತಪ್ಪಿರಲಿಲ್ಲ. ಅದೇ ನನ್ನ ಸಂಕಟ, ಬೈಯಲು ಒಬ್ಬನೂ ಸಿಗಲಿಲ್ಲ.

ನೀರು ಇಳಿದ ಮೇಲೆ ಸಿದ್ಧಾರೂಢರ ಜಮೀನಿಗೆ ಹೋದೆವು. ಜಂಗಮರು ಬಂದಿದ್ದರು. ಚೌಕದ ಗುಂಡಿಯ ನೀರನ್ನು ಪಂಪಿನಿಂದ ತೆಗೆಸಿದ್ದರು. ಶವಾಗಾರದವರು ಕಳಿಸಿದ ಉದ್ದನೆಯ ಪೆಟ್ಟಿಗೆ ಅದರಲ್ಲಿ ಇಳಿಯುವಂತಿರಲಿಲ್ಲ. ನಾವೆಲ್ಲ ನಿಂತು ನೋಡುತ್ತಿದ್ದಂತೆ ಯಂತ್ರ ತರಿಸಿ ಗುಂಡಿಯನ್ನು ಉದ್ದ ಮಾಡಿಸಿದರು. ಮಹಾಂತಪ್ಪನವರು ಹೆಂಡತಿಯ ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಚಲು ನೋಡಿದರು. ಬೆರಳು ಮಡಚಲಿಲ್ಲ. ಬಿಳಿಯ ಅರಿವೆಯ ಪಟ್ಟಿಯಿಂದ ಕಟ್ಟಿದರು. ಪ್ಲಾಸ್ಟರ್ ಪಟ್ಟಿ ಸುತ್ತಿ ಪಳಗಿದ ಕೈ, ಕಟ್ಟು ಎಷ್ಟು ಚೆನ್ನಾಗಿ ಬಂತೆಂದರೆ ನನಗೆ ನೋಡಲಾಗಲಿಲ್ಲ.

"ಲಿಂಗ ಕೈಯಾಗೈತಿ, ಅಷ್ಟ ಸಾಕು. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದರು ಜಂಗಮರು. ಮಹಾಂತಪ್ಪನವರು ಪಟ್ಟಿಯ ತುದಿಯನ್ನು ಒಳಗೆ ಸಿಕ್ಕಿಸಿದರು.

ಮಾರನೆಯ ವರ್ಷ ನಾನೇ ಹಟ ಹಿಡಿದು ಅವರನ್ನು ಮ್ಯೂಸಿಯಮ್ಮಿಗೆ ಕರೆದೊಯ್ದೆ. ಬಂದರು. ಸೂಜಿ ಹಿಡಿದು ಎಲುಬಿನ ಸುತ್ತಲ ಮಣ್ಣು ಕೆರೆಯುತ್ತಿದ್ದರು, ಮೊದಲಿನಷ್ಟೇ ನಾಜೂಕಾಗಿ. ಅಂಟಿನ ಬಾಟಲಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಆ ಹಂತ ಬಂದಾಗ ಕುರ್ಚಿ ಹಿಂದೆ ಸರಿಸಿ, "ಅಕ್ಕಾರ, ನೀವ ಬಿಡ್ರಿ," ಎನ್ನುತ್ತಿದ್ದರು. ನಾನು ತೊಟ್ಟು ಬಿಡುವಾಗ ಗೋಡೆ ನೋಡುತ್ತಿದ್ದರು. ಹೊಸಬರಿಗೆ ಪಾಠ ಹೇಳುವುದನ್ನೂ ನಿಲ್ಲಿಸಿದರು. ಕೊರಕಲು ನೆಲಕ್ಕೆ ಮತ್ತೆ ಬರಲಿಲ್ಲ.

ಹತ್ತೊಂಬತ್ತರ ಮಾರ್ಚಿನಲ್ಲಿ ಅವರ ಸರದಿ ಬಂತು. ಪಿತ್ತಕೋಶದ ಕ್ಯಾನ್ಸರ್. ಮನೆಯಲ್ಲೇ ಇದ್ದರು, ವೈಷ್ಣವಿ ರಜೆ ಹಾಕಿ ಬಂದು ಜೊತೆಗಿದ್ದಳು. ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಮಗಳ ಕೈ ಹಿಡಿದುಕೊಂಡೇ ಹೋದರು. ಹೊರಗೆ ಒಳ್ಳೆಯ ಬಿಸಿಲು, ರಸ್ತೆ ಖಾಲಿ. ಜಂಗಮರು ಹಿಂದಿನ ದಿನವೇ ಡಾಲಸ್‌ನಿಂದ ಬಂದು ಸಿದ್ಧಾರೂಢರ ಮನೆಯಲ್ಲಿದ್ದರು. ಅರ್ಧ ಗಂಟೆಯಲ್ಲಿ ಇಬ್ಬರೂ ಬಂದರು.

ಜಂಗಮರು ಗೋಡೆಯ ಬಳಿ ಮಣೆ ಹಾಕಿಸಿ, "ಬರ್ರಿ, ಲಗೂನ ಕುಂದ್ರಸೂಣು. ಎಲ್ಲಾ ಕೂಡಿ ಬಂದೈತಿ," ಎಂದರು.

ವೈಷ್ಣವಿ ಅಪ್ಪನ ಪಕ್ಕದಿಂದ ಏಳಲಿಲ್ಲ. "ಬ್ಯಾಡ್ರಿ. ಅಪ್ಪ ನನ್ನ ಹತ್ರ ಪ್ರಾಮಿಸ್ ತಗೊಂಡಾನ. ಮಲಗಿಸೇ ಮಣ್ಣು ಮಾಡ್ಬೇಕಂತ."

"ಯಾಕವ್ವಾ? ಈಗೇನ ಅಡ್ಡಿ ಐತಿ?"

"ಆಕೀನ ಮಲಗಿಸಿಟ್ಟು ನಾ ಕುಂದ್ರೂದು ಹೆಂಗ ಅಂದ."

ಜಂಗಮರು ಬಗ್ಗಿ ಗೋಡೆಯ ಬಳಿಯ ಮಣೆ ಎತ್ತಿದರು. ನಾನು ಹೊದಿಕೆ ಸರಿಮಾಡುವ ನೆಪದಲ್ಲಿ ಮಹಾಂತಪ್ಪನವರ ಮೊಣಕಾಲು ಮುಟ್ಟಿದೆ. ಇನ್ನೂ ಬೆಚ್ಚಗಿತ್ತು. ಸ್ವಲ್ಪ ಎತ್ತಿದರೆ ಸಾಕು, ಸುಲಭವಾಗಿ ಮಡಚುತ್ತಿತ್ತು. ಕಾಲನ್ನು ನೀಟಾಗಿ ಚಾಚಿ ಹೊದಿಕೆ ಮುಚ್ಚಿದೆ.