ಹಜರತಅಲಿಯ ಪಾಲು

ಶಲವಡಿ ಹತ್ತಿರದ ಆ ಸಣ್ಣ ಊರಿನಲ್ಲಿ ಹಳ್ಳದ ತಳ ಬಲ್ಲವನು ಹಜರತಅಲಿ ಒಬ್ಬನೇ. ಮಳೆಗಾಲದಲ್ಲಿ ಅವನು ಬಡಿಗೆ ಊರುತ್ತ ಸೊಂಟಮಟ್ಟದ ನೀರಿನಲ್ಲಿ ಮುಂದೆ ನಡೆಯುತ್ತಿದ್ದ. ಅಣ್ಣಿಗೇರಿ ಪೇಟೆಗೆ ಹೊರಟ ಚಕ್ಕಡಿಗಳು ಅವನ ಹಿಂದೆ ಇಳಿಯುತ್ತಿದ್ದವು. ಅದಕ್ಕೆ ಕೂಲಿ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯವರು ತಮ್ಮ ಕಣದಿಂದ ಅವನಿಗೆ ಒಂದು ಬುಟ್ಟಿ ಜೋಳ ಅಳೆಯುತ್ತಿದ್ದರು. ಅದು ಅವನ ಆಯ.

೧೯೭೩ರಲ್ಲಿ ಸೇತುವೆಯ ಮಾತು ಬಂತು. ಅರ್ಧ ಖರ್ಚು ಸರಕಾರದ್ದು. ಉಳಿದರ್ಧಕ್ಕೆ ಅಣ್ಣಿಗೇರಿಯ ಕಾಳಿನ ವ್ಯಾಪಾರಿ ಕುಬೇರಪ್ಪ ಮುಂದೆ ಬಂದ. ಅವನಿಗೂ ಅವನೊಡನೆ ಪಾಲು ಹಾಕಿದವರಿಗೂ ಸೇತುವೆ ದಾಟುವ ಗಾಡಿಗಳಿಂದ ಏಳು ವರ್ಷ ಸುಂಕ ಎತ್ತುವ ಹಕ್ಕು. ರೊಕ್ಕವಿಲ್ಲದವರು ಜೋಳ ಕೊಡಬಹುದಿತ್ತು.

ಸೇತುವೆ ಎದ್ದರೆ ತನ್ನ ಕೆಲಸ ಮುಗಿಯಿತು, ಪಾಲೊಂದಿದ್ದರೆ ಏಳು ವರ್ಷದ ಅನ್ನ ಎಂದು ಹಜರತಅಲಿ ಲೆಕ್ಕ ಹಾಕಿದ. ಕಣದಿಂದ ಕಣಕ್ಕೆ ಹೋಗಿ ಹೇಳಿದ.

"ಎರಡು ಸುಗ್ಗಿ ನನ್ನ ಆಯ ನನಗ ಅಳೀಬ್ಯಾಡ್ರಿ. ಸೇತುವಿಗೆ ಹಾಕ್ರಿ."

ಅರವತ್ತೆರಡು ಮನೆಯವರು ಹಾಗೆಯೇ ಮಾಡಿದರು. ಕುಬೇರಪ್ಪನ ಗುಮಾಸ್ತ ಗೂಳಪ್ಪ ಬರೆದುಕೊಂಡ. ಆ ಎರಡು ವರ್ಷ ಹಜರತಅಲಿಯ ಹೆಂಡತಿ ಖಾದರಬಿ ಕಂಡವರ ಹೊಲದಲ್ಲಿ ಕಳೆ ತೆಗೆದು ಮನೆ ನಡೆಸಿದಳು.

ಸೇತುವೆ ಮುಗಿದಾಗ ಚಾವಡಿಯಲ್ಲಿ ಪಾಲುದಾರರ ಯಾದಿ ಓದಿದರು. ಅರವತ್ತೆರಡೂ ಮನೆಗಳ ಹೆಸರಿತ್ತು. ಹಜರತಅಲಿಯದು ಇರಲಿಲ್ಲ.

"ಯಾರ ಕಣದಿಂದ ಜ್ವಾಳ ಬಂತೋ ಅವರ ಹೆಸರಿಗೆ ಬರದೀನಿ," ಎಂದ ಗೂಳಪ್ಪ. "ನಿನ್ನ ಕಣ ಎಲ್ಲೈತಿ ಕಾಕಾ?"

ಕೆಲವರು ನಕ್ಕರು.

"ಅದು ನನ್ನ ಆಯ ಇತ್ತಲ್ಲೋ ತಮ್ಮಾ."

"ಕೈಗೆ ಬಂದ ಮ್ಯಾಲ ನಿಂದು. ಬರಲೇ ಇಲ್ಲಲ್ಲ?"

"ಕಾಗದ ಧಾರವಾಡಕ್ಕ ಹೋಗೇತಿ," ಎಂದ ಕುಬೇರಪ್ಪ. "ಇನ್ನ ತಿದ್ದಾಕ ಬರೂದಿಲ್ಲ."

ಊರವರು ಸುಳ್ಳಾಡಲಿಲ್ಲ. ಅದು ಆಯದ ಜೋಳವೇ ಎಂದು ಒಪ್ಪಿದರು. ಪಾಲು ಬಿಟ್ಟುಕೊಡುವ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಹಜರತಅಲಿ ಒಂಟೆತ್ತಿನ ಗಾಡಿಯಲ್ಲಿ ಅಣ್ಣಿಗೇರಿಯಿಂದ ಉಪ್ಪು ತಂದು ಮಾರುತ್ತಿದ್ದ. ಉಪ್ಪನ್ನು ನೀರಿಗೆ ಇಳಿಸುವಂತಿರಲಿಲ್ಲ. ಪಾಲುದಾರರ ಚಕ್ಕಡಿಗಳಿಗೆ ಸುಂಕ ಮಾಫಿ. ಅವನ ಮುಂದಿದ್ದ ಆರೂ ದಾಟಿದವು. ಸುಂಕಕಟ್ಟೆಯಲ್ಲಿ ಕುಳಿತಿದ್ದ ಗೂಳಪ್ಪ ಅವನ ಗಾಡಿಗೆ ಅಡ್ಡವಾಗಿ ಬಿದಿರಿನ ಗಳ ಇಳಿಸಿದ.

"ನಾಕಾಣೆ, ಕಾಕಾ."

ಹಜರತಅಲಿ ಕೊಟ್ಟ. ಊರಿನ ಗಾಡಿಗಳಲ್ಲಿ ಸುಂಕ ಕೊಟ್ಟದ್ದು ಅದೊಂದೇ.

ಗೂಳಪ್ಪ ಕೆಳಗೆ ಹರಿಯುವ ಕೆಂಪು ನೀರು ನೋಡಿದ. "ಇದರಾಗ ದಾಟಾಕ ಬರ್ತಿತ್ತೇನು?"

"ಎದಿಮಟ್ಟ ಐತಿ. ಎಡಕ್ಕ ಹಿಡಿದ್ರ ಬರ್ತೈತಿ," ಎಂದ ಹಜರತಅಲಿ. "ಗಳ ಎತ್ತು."