ರೆಕ್ಕೆಯ ತುದಿಗೆ ಹಚ್ಚಿದ ತುಂಡು

ಮೊನ್ನೆ ಪಕ್ಕದ ಮನೆಯಾಕೆ ಒಂದು ಬಟ್ಟೆಯ ಸುರುಳಿ ತಂದು ನನ್ನ ಹೊಲಿಗೆ ಮಷಿನ್ನಿನ ಮೇಲಿಟ್ಟಳು. ಬಿಚ್ಚುವ ಮೊದಲೇ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಮೋಟಾರಿಗೆ ತಂತಿ ಸುತ್ತಿದ ಮೇಲೆ ಬಳಿಯುವ ವಾರ್ನಿಷ್...

"ಗಟ್ಟಿ ಬಟ್ಟಿ ಐತಿ ಅಕ್ಕ. ಸಂತಿಗೆ ಎರಡು ಚೀಲ ಹೊಲ್ದು ಕೊಡ್ರಿ," ಅಂದಳು.

ಆಕೆಯ ಗಂಡ ಕೊಟ್ಟೂರಿನಲ್ಲಿ ಮೋಟಾರ್ ವೈಂಡಿಂಗ್ ಮೇಸ್ತ್ರಿಯಾಗಿದ್ದರು. ನನ್ನ ಟೇಲರಿಂಗ್ ಅಂಗಡಿಯ ಪಕ್ಕದ್ದೇ ಅವರ ಅಂಗಡಿ. ಎಷ್ಟೋ ವರ್ಷದ ಹಿಂದೆ ಹಿತ್ತಲಲ್ಲಿ ಹೆಲಿಕಾಪ್ಟರ್ ಕಟ್ಟುತ್ತಿದ್ದರು! ಹಳೇ ಕಾರಿನ ಎಂಜಿನ್, ಕಬ್ಬಿಣದ ಪೈಪು, ಮೇಲೆ ಎರಡು ಕಟ್ಟಿಗೆಯ ರೆಕ್ಕೆ. ಒಬ್ಬ ಆಳು, ಒಂದು ಕ್ಯಾನು ಔಷಧಿ ಹೊತ್ತು ತಂಬ್ರಹಳ್ಳಿಯ ದಾಳಿಂಬೆ ತೋಟಗಳ ಮೇಲೆ ಸಿಂಪಡಿಸುತ್ತಾ ಹಾರಬೇಕಂತೆ. ಊರೇ ನಗುತ್ತಿತ್ತು. ನಾನಂತೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದೆ.

ರೆಕ್ಕೆಗೆ ಬಟ್ಟೆ ಹೊದಿಸುವ ಕೆಲಸ ನನಗೆ ಬಂತು. "ಅಕ್ಕ, ಒಂದಾ ಬಟ್ಟಿ ಇರ್ಲಿ, ತುಂಡು ಜೋಡು ಹಾಕಬ್ಯಾಡ್ರಿ. ಗಾಳಿ ಹೊಕ್ಕತಂದ್ರ ಉಬ್ಬತೈತಿ," ಎಂದು ಮೇಸ್ತ್ರಿ ಎರಡೆರಡು ಸಲ ಹೇಳಿದ್ದರು.

ನಮ್ಮ ಕಸುಬಿನಲ್ಲಿ ಉಳಿದ ತುಂಡು ನಮ್ಮದು. ನಾನು ಉಳಿಯುವ ತನಕ ಕಾಯುವವಳಲ್ಲ. ಮೊದಲೇ ಕತ್ತರಿಸಿ ಎರಡು ದಿಂಬಿನ ಚೀಲ ಹೊಲಿದುಕೊಂಡೆ. ಕೊನೆಗೆ ಎರಡನೇ ರೆಕ್ಕೆಯ ತುದಿಗೆ ಒಂದು ಮೊಳ ಕಡಿಮೆ ಬಿತ್ತು. ಬೇರೆ ತುಂಡು ಹಚ್ಚಿದೆ. ಅವರು ಬಳಿದ ವಾರ್ನಿಷು, ಬೆಳ್ಳಿ ಬಣ್ಣದ ಅಡಿಯಲ್ಲಿ ಅದು ಮುಚ್ಚಿಹೋಯಿತು.

ಮೆಲ್ಲಗೆ ತಿರುಗಿಸಿದರೆ ಏನೂ ಇಲ್ಲ. ವೇಗ ಏರಿದರೆ ಸಾಕು, ಯಂತ್ರ ಚಳಿಜ್ವರ ಬಂದಂತೆ ನಡುಗುತ್ತಿತ್ತು. ನಾಲ್ಕು ತಿಂಗಳು ಎಂಜಿನ್ ಬಿಚ್ಚಿದರು, ಬೇರಿಂಗ್ ಬದಲಿಸಿದರು, ರೆಕ್ಕೆ ತೂಗಿ ತೂಗಿ ನೋಡಿದರು. ನನಗೆ ಗೊತ್ತಿತ್ತು, ಅದು ನಾನು ಹಚ್ಚಿದ ತುಂಡಿನ ಕೆಲಸ. ಹೇಳಿದರೆ ಬಟ್ಟೆ ಕದ್ದವಳು ಅನ್ನಿಸಿಕೊಳ್ಳಬೇಕಿತ್ತು. ಆ ದಿಂಬಿನ ಮೇಲೆ ಚೆನ್ನಾಗಿಯೇ ನಿದ್ದೆ ಮಾಡಿದೆ.

ಒಂದು ಇಂಜಿನಿಯರಿಂಗ್ ಕಾಲೇಜಿನವರು ನೋಡಲು ಬಂದರು. ಒಂದು ಗೇಣು ಮೇಲೆದ್ದರೆ ಸಾಕು, ಮುಂದಿನ ಯಂತ್ರವನ್ನು ಕಾಲೇಜಿನಲ್ಲೇ ಕಟ್ಟೋಣ ಎಂದಿದ್ದರು. ಮೈದಾನದ ತುಂಬ ಜನ. ಯಂತ್ರ ಏಳಲಿಲ್ಲ. ನಡುಗಿ ನಡುಗಿ ಪೈಪು ಮುರಿದು ಮೇಸ್ತ್ರಿಯ ಬಲಗೈ ಮೇಲೆ ಬಿತ್ತು. ಜನ ಆಗಲೂ ನಕ್ಕರು.

"ರೆಕ್ಕೆಯ ಬಟ್ಟೆ ಸರಿ ಇತ್ತೇನ್ರಿ?" ಎಂದು ಕಾಲೇಜಿನವರೊಬ್ಬರು ಕೇಳಿದರು.

ಮೇಸ್ತ್ರಿ ಕೈಗೆ ಟವಲು ಸುತ್ತಿಕೊಂಡು, ಮುರಿದ ರೆಕ್ಕೆಯನ್ನು ಮಡಿಲಿಗೆ ಎಳೆದುಕೊಂಡು ಕೂತಿದ್ದರು. "ಅಕ್ಕನ ಹೊಲಿಗಿ ತಪ್ಪಂಗಿಲ್ರಿ. ತಪ್ಪು ನಂದಾ."

ನಾನು ಹೌದೆಂದು ತಲೆಯಾಡಿಸಿದೆ.

ಆ ಬೆರಳುಗಳು ಮತ್ತೆ ಮಡಚಲಿಲ್ಲ. ತಂತಿ ಸುತ್ತುವ ಕೆಲಸ ಹೋಯಿತು, ಎಂಜಿನ್ ಗುಜರಿಗೆ ಹೋಯಿತು. ಸ್ವಿಚ್ಚು, ಬಲ್ಬು ಮಾರುತ್ತಾ ಕೂತರು. ಗುಂಡಿ ಹಾಕಲು ಬಾರದ ಅವರ ಅಂಗಿಗಳಿಗೆ ನಾನೇ ಒತ್ತುಗುಂಡಿ ಹಚ್ಚಿ ಕೊಡುತ್ತಿದ್ದೆ. ಎಂಥ ಒಳ್ಳೇ ಹೆಂಗಸು ಎಂದು ಊರು ಹೊಗಳಿತು. ದಿನಾ ಬೆಳಿಗ್ಗೆ ಶಟರ್ ಎತ್ತುವಾಗ, "ಚಾ ಆತೇನಕ್ಕ?" ಎಂದು ಕೇಳುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಮೊನ್ನೆ ಆಕೆ ತಂದ ಸುರುಳಿಯನ್ನು ಚೀಲಕ್ಕೆಂದು ಹರವಿದೆ, ಅದೇ ರೆಕ್ಕೆಯ ಬಟ್ಟೆ. ತುದಿಯಲ್ಲಿ ನನ್ನ ಹೊಲಿಗೆ ಇರಲಿಲ್ಲ. ನಾನು ಹಚ್ಚಿದ ತುಂಡನ್ನು ಯಾರೋ ಮೋಟಾರಿನ ಕಾಯಿಲ್ ಕಟ್ಟುವ ಬಿಳಿ ದಾರದಿಂದ ಮತ್ತೆ ಹೊಲಿದಿದ್ದರು. ದೊಡ್ಡ ದೊಡ್ಡ, ಸೊಟ್ಟ ಹೊಲಿಗೆ. ಎಡಗೈಯದು.

ಆ ಜೋಡು ಅವರಿಗೆ ಅವತ್ತು ಮೈದಾನದಲ್ಲೇ ಕಂಡಿತ್ತೋ, ಆಮೇಲೋ... ಇಷ್ಟು ವರ್ಷ ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ತಪ್ಪಾಯಿತು ಅನ್ನಲು ಆ ಮನುಷ್ಯ ಇಲ್ಲ.

ಸಂಜೆ ಆಕೆ ಬಂದಳು. ಚೀಲಗಳ ಜೊತೆ ಆ ತುದಿಯ ತುಂಡನ್ನೂ ಮುಂದೆ ಹಿಡಿದೆ. ಬಾಯಿ ಬಿಡಬೇಕೆಂದಿದ್ದೆ. ಆಕೆ ಚೀಲ ಮಾತ್ರ ತೆಗೆದುಕೊಂಡಳು.

"ಉಳಿದದ್ದು ನೀವಾ ಇಟ್ಕಳ್ರಿ ಅಕ್ಕ."